ಅಜ್ಜಿಯ ದಾಳ

"ಇದು ಯಾರ ಶೀಟು?" ಎಂದು ತಂಗಿ ಕೇಳಿದಳು.

"ನಿಂದೇ," ಎಂದ ಅಣ್ಣ, ಟೀ ಲೋಟಗಳನ್ನು ಮೇಜಿನ ಮೇಲೆ ಇಡುತ್ತ.

ತಂಗಿ ಇನ್ನೂ ಕೂತಿರಲಿಲ್ಲ, ಹೆಗಲ ಚೀಲ ಹೆಗಲಲ್ಲೇ ಇತ್ತು. ಅಣ್ಣನ ಮನೆಯ ಊಟದ ಮೇಜಿನಲ್ಲಿ ಕಿಟಕಿಯ ಕಡೆಯ ಕುರ್ಚಿ ಅವಳದು. ಹನ್ನೊಂದು ವರ್ಷದಿಂದ ಶನಿವಾರ ಮಧ್ಯಾಹ್ನ ಮೂರಕ್ಕೆ ಅವಳು ಅಲ್ಲೇ ಕೂರುತ್ತಿದ್ದಳು. ಈಗ ಆ ಜಾಗದಲ್ಲಿ ಒಂದು ಗರಿಗರಿ ಹಾಳೆ ಇತ್ತು. ಹಾಳೆಯ ತುಂಬ ಅಚ್ಚು ಹಾಕಿದ ಚೌಕಗಳು, ಚೌಕಗಳ ಒಳಗೆ ಅಣ್ಣನ ಗುಂಡಗಿನ ಅಕ್ಷರ. ಬಿಲ್ಲುಗಾತಿ. ವಯಸ್ಸು ಹತ್ತೊಂಬತ್ತು. ಚುರುಕುತನ ಹದಿನೇಳು, ಬಲ ಹದಿನಾಲ್ಕು. ಹೆಸರಿನ ಚೌಕ ಒಂದನ್ನು ಖಾಲಿ ಬಿಟ್ಟಿದ್ದ. ಹೆಸರನ್ನಾದರೂ ಅವಳೇ ಇಟ್ಟುಕೊಳ್ಳಲಿ ಎಂಬ ದೊಡ್ಡ ಮನಸ್ಸು ಇರಬೇಕು.

"ನನ್ನ ಅಜ್ಜಿ ಎಲ್ಲಿ?"

ಎದುರಿಗೆ ಕೂತಿದ್ದ ಮೇಷ್ಟ್ರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು, ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಪಕ್ಕದಲ್ಲಿದ್ದ, ಎಲ್ಲರೂ ಕೀಲಿ ಎಂದು ಕರೆಯುವವನು, ಬಿಸ್ಕತ್ತಿನ ಪೊಟ್ಟಣವನ್ನು ಯಾವ ತುದಿಯಿಂದ ಹರಿಯಬೇಕೆಂದು ಹುಡುಕುತ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡವನು ಅವನು. ಎಂಥೆಂಥ ಕಬ್ಬಿಣದ ಪೆಟ್ಟಿಗೆ ಬಿಚ್ಚಿದವನಿಗೆ ಆ ದಿನ ಬಿಸ್ಕತ್ತಿನ ಪೊಟ್ಟಣ ಬಿಚ್ಚಲು ಬರಲಿಲ್ಲ.

"ಕೂತ್ಕೋ ಪುಟ್ಟಿ, ಹೇಳ್ತೀನಿ," ಎಂದ ಅಣ್ಣ.

ಅವನು ಹೇಳುವ ಮೊದಲು ಈ ಅಜ್ಜಿ ಯಾರೆಂದು ಹೇಳಬೇಕು. ಇಲ್ಲದಿದ್ದರೆ ನಲವತ್ತಾರು ವರ್ಷದ, ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಒಂದು ಹಾಳೆಯ ಮುಂದೆ ನಿಂತು ಯಾಕೆ ಹಾಗೆ ಕೆಂಪಾದಳೆಂದು ತಿಳಿಯುವುದಿಲ್ಲ.

ಇವರ ಆಟಕ್ಕೆ ಮಣೆ ಇಲ್ಲ, ಕಾಯಿ ಇಲ್ಲ, ಗೆದ್ದವರು ಸೋತವರು ಎಂಬುದೂ ಇಲ್ಲ. ಒಬ್ಬ ಕಥೆ ನಡೆಸುತ್ತಾನೆ. ಮುಂದೆ ಕಾಡಿದೆ, ಕಾಡಿನೊಳಗೆ ಹೊಗೆ ಏಳುತ್ತಿದೆ, ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಉತ್ತರ ಹೇಳುತ್ತಾರೆ. ಹಳ್ಳ ಹಾರುತ್ತೇನೆ ಎಂದರೆ ದಾಟಿದಿರೋ ಬಿದ್ದಿರೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದಾಳ ಹೇಳಿದ್ದಕ್ಕೆ ಅರ್ಥವೇನೆಂದು ದಪ್ಪನೆಯ ನಿಯಮಗಳ ಪುಸ್ತಕವೊಂದು ಹೇಳುತ್ತದೆ. ಕಥೆ ನಡೆಸುವವನು ಅಣ್ಣ. ಮೇಷ್ಟ್ರು ಮಂತ್ರವಾದಿ, ಕೀಲಿ ಕತ್ತಿಯ ಬಂಟ. ತಂಗಿ ಮಾತ್ರ ಮೊದಲ ದಿನವೇ ತಾನು ಮುದುಕಿಯಾಗುತ್ತೇನೆ ಎಂದಿದ್ದಳು. ಎಲ್ಲರೂ ನಕ್ಕಿದ್ದರು.

ಅಜ್ಜಿಗೆ ಆಗ ಅರವತ್ತೊಂದು. ಕೈಯಲ್ಲಿ ಕೋಲು, ಸೊಂಟದಲ್ಲಿ ಔಷಧಿಯ ಗಂಟು, ಮಂತ್ರ ಗೊತ್ತಿಲ್ಲ, ಕತ್ತಿ ಎತ್ತಲು ಶಕ್ತಿಯಿಲ್ಲ. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಮಾತಾಡಬೇಕಾದಾಗ ಮುಂದಾಗುತ್ತಿದ್ದವಳು ಅವಳೇ. ರಾಜನ ಕಾವಲುಗಾರನಿಗೆ ಹಲ್ಲುನೋವಿಗೆ ಲವಂಗ ಕೊಟ್ಟು ಒಳಗೆ ಹೋದದ್ದು, ಕೀಲಿ ಕೊಂದ ಶತ್ರುಗಳ ಕಣ್ಣು ಮುಚ್ಚಿ ಅವರ ಊರು ಯಾವುದೆಂದು ವಿಚಾರಿಸಿದ್ದು, ದೈತ್ಯನೊಬ್ಬನನ್ನು ಗದರಿಸಿ ಕೂರಿಸಿ ಅವನ ಕಾಲಿನ ಮುಳ್ಳು ತೆಗೆದದ್ದು, ಎಲ್ಲ ಅಜ್ಜಿಯೇ. ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಕೊಲ್ಲಲಿಲ್ಲ. ಇವರ ಗುಂಪಿನಲ್ಲಿ ವರ್ಷಕ್ಕೊಮ್ಮೆ ಪಾತ್ರಗಳ ವಯಸ್ಸನ್ನೂ ಒಂದು ಹೆಚ್ಚಿಸುವ ಪದ್ಧತಿ ಇದ್ದುದರಿಂದ ಅಜ್ಜಿಗೆ ಈಗ ಎಪ್ಪತ್ತೆರಡು ನಡೆಯುತ್ತಿತ್ತು. ಕೀಲಿಯೂ ಮೇಷ್ಟ್ರೂ ತಂಗಿಯನ್ನು ಕರೆಯುತ್ತಿದ್ದುದೂ ಅಜ್ಜಿ ಎಂದೇ. ಅರವತ್ತೆಂಟರ ಮೇಷ್ಟ್ರು ರಸ್ತೆಯ ಆಚೆಯಿಂದ "ಅಜ್ಜೀ" ಎಂದು ಕೂಗಿ ಕೈಬೀಸಿದರೆ ಹೋಗಿಬರುವವರು ತಿರುಗಿ ನೋಡುತ್ತಿದ್ದರು.

ತಂಗಿಯ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರುಗಳು ಕಳಿಸಿದ ಬಾಯಿಯ ಅಚ್ಚಿಗೆ ಗಾರೆ ಹುಯ್ದು, ಮೇಣದ ದವಡೆ ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಬಾಯಿಯ ಒಡೆಯರನ್ನು ಅವಳು ನೋಡುವುದಿಲ್ಲ. ಚೀಟಿಯಲ್ಲಿ ವಯಸ್ಸು ಮಾತ್ರ ಇರುತ್ತದೆ. ಎಂಬತ್ತನಾಲ್ಕು ಎಂದಿದ್ದರೆ ಪಕ್ಕದ ಟೇಬಲಿನವನು, ಇಷ್ಟು ವಯಸ್ಸಾದ ಮೇಲೆ ಇನ್ನೇನು ಕಡಿಯುವುದಿದೆ, ಮೇಲೆಮೇಲೆ ಉಜ್ಜಿ ಕಳಿಸಿ ಎನ್ನುತ್ತಾನೆ. ಆ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಅಂಥ ಸೆಟ್ಟಿಗೇ ಅರ್ಧ ದಿನ ಹೆಚ್ಚು ಕೂರುತ್ತಾಳೆ.

ಇನ್ನು ಪುಸ್ತಕದ ವಿಷಯ. ಈ ಆಟ ಆಡುವವರಿಗೆ ಪುಸ್ತಕ ಬದಲಿಸುವ ಒಂದು ರೋಗವಿದೆ. ಇವರು ಶುರುಮಾಡಿದ್ದು ಕೆಂಪು ರಟ್ಟಿನ ಪುಸ್ತಕದಿಂದ. ನಾಲ್ಕು ವರ್ಷದ ನಂತರ ಬೇರೆ ಕಂಪನಿಯೊಂದು ನೀಲಿ ಪುಸ್ತಕ ತಂದಿತು. ಅದರಲ್ಲಿ ಕಾಳಗ ಬೇಗ ಮುಗಿಯುತ್ತದಂತೆ. ಊರಿನ ಆಟದ ಗುಂಪುಗಳೆಲ್ಲ ಕೆಂಪಿನವರು, ನೀಲಿಯವರು ಎಂದು ಎರಡಾಗಿ, ಒಬ್ಬರ ಮನೆಗೆ ಒಬ್ಬರು ಹೋಗುವುದನ್ನು ಬಿಟ್ಟರು. ಅಣ್ಣನ ಗುಂಪು ನೀಲಿಗೆ ಹೋಯಿತು, ಎರಡು ವರ್ಷ ಆಡಿ, ಹಳೇ ಗಂಡನ ಪಾದವೇ ಗತಿ ಎಂದು ಕೆಂಪಿಗೆ ಮರಳಿತು. ಈಗ ಕಪ್ಪು ಪುಸ್ತಕ ಬಂದಿತ್ತು, ಕೆಂಪು ನೀಲಿ ಎರಡನ್ನೂ ಮೀರಿಸಿದ್ದು, ಆರುನೂರು ಪುಟ. ನಿಜ ಹೇಳಬೇಕೆಂದರೆ ಅಣ್ಣನ ಕಥೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಪುಸ್ತಕ ಬದಲಾಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಪುಸ್ತಕ ಬದಲಾದಾಗ ಹಳೆಯ ಪಾತ್ರಗಳನ್ನು ಬಿಟ್ಟುಬಿಡುವ ಗುಂಪುಗಳೇ ಹೆಚ್ಚು. ಇವರು ಹಾಗಲ್ಲ, ತಮ್ಮ ಪಾತ್ರಗಳನ್ನು ಹೊಸ ಪುಸ್ತಕಕ್ಕೆ ಕರೆದೊಯ್ಯುತ್ತಿದ್ದರು. ಅದಕ್ಕೆ ದಾಟಿಸುವುದು ಎಂದು ಹೆಸರು. ದಾಟಿಸುವ ದಿನ ಯಾರೂ ತಪ್ಪಿಸುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ತಮ್ಮ ಕೈಯಾರೆ ಹೊಸ ಹಾಳೆಗೆ ಬರೆದುಕೊಳ್ಳಬೇಕು. ಒಬ್ಬರ ಹಾಳೆಯ ಮೇಲೆ ಇನ್ನೊಬ್ಬರ ಪೆನ್ನು ಓಡಬಾರದು, ಒಬ್ಬರ ದಾಳವನ್ನು ಇನ್ನೊಬ್ಬರು ಹಾಕಬಾರದು. ಈ ಕಟ್ಟಳೆ ಮಾಡಿದವನು ಅಣ್ಣನೇ. ನಗರಸಭೆಯಲ್ಲಿ ಮನೆ ಕಟ್ಟುವವರ ನಕ್ಷೆ ಪರಿಶೀಲಿಸುವ ಕೆಲಸ ಅವನದು. ಗೋಡೆ ಒಂದು ಗೇಣು ಆಚೆ ಬಂದಿದ್ದರೆ ಸಾಕು, ತಲೆ ಮೇಲೆ ತಲೆ ಬಿದ್ದರೂ ಸಹಿ ಹಾಕುವವನಲ್ಲ. ಅವನು ಮಾಡಿದ ಇನ್ನೊಂದು ಕಟ್ಟಳೆ, ಮೇಜಿನ ಮೇಲೆ ಬಿದ್ದ ದಾಳ ಬಿದ್ದದ್ದೇ, ಮತ್ತೆ ಎತ್ತಿ ಹಾಕುವಂತಿಲ್ಲ.

ತಂಗಿ ಮೂರು ಶನಿವಾರ ಬಂದಿರಲಿಲ್ಲ. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಮ್ಮ ಇರುವುದು ತಂಗಿಯ ಮನೆಯಲ್ಲಿ. ಆಸ್ಪತ್ರೆಯಲ್ಲಿ ಹಗಲು ಅವಳು, ರಾತ್ರಿ ಅವಳ ಗಂಡ, ನಡುವೆ ಅತ್ತಿಗೆ. ಅಣ್ಣ ಆಫೀಸು ಮುಗಿಸಿ ಬಂದು ಹತ್ತು ನಿಮಿಷ ನಿಂತು ಹೋಗುತ್ತಿದ್ದ. ಶನಿವಾರ ಬರುತ್ತಿರಲಿಲ್ಲ, ಇಬ್ಬರು ಕಾಯುತ್ತಿರುತ್ತಾರೆ, ಆಟ ನಡೆಸುವವನೇ ಇಲ್ಲದಿದ್ದರೆ ಹೇಗೆ. ಈಗ ಅಮ್ಮ ಮನೆಗೆ ಬಂದಾಗಿತ್ತು, ಇವತ್ತು ಅತ್ತಿಗೆ ತಾವಾಗಿಯೇ ಬಂದು ಅಮ್ಮನ ಹತ್ತಿರ ಕೂತಿದ್ದರು. ಹೋಗಿ ಬಾ, ತಿಂಗಳಿಂದ ಮನುಷ್ಯರ ಮುಖ ನೋಡಿಲ್ಲ ನೀನು, ಎಂದು ಅವಳ ಚೀಲವನ್ನು ಅವಳ ಕೈಗೆ ಕೊಟ್ಟು ಕಳಿಸಿದ್ದರು.

ಅಣ್ಣ ಹೇಳಿದ್ದು ಇಷ್ಟು. ಕಪ್ಪು ಪುಸ್ತಕ ಬಂತು. ನೀನು ಯಾವಾಗ ಬರುತ್ತೀಯೋ ಗೊತ್ತಿರಲಿಲ್ಲ. ಎಷ್ಟು ದಿನ ಅಂತ ಕಾಯುವುದು, ದಾಟಿಸಿಬಿಡೋಣ ಅಂದುಕೊಂಡೆವು. ನಿನಗೆ ಈ ತಲೆಬಿಸಿಯಲ್ಲಿ ಇದೂ ಒಂದು ಬೇಡ ಎಂದು ಅಜ್ಜಿಯ ಹಾಳೆಯನ್ನು ನಾನೇ ಬರೆಯಲು ಕೂತೆ. ಕಪ್ಪು ಪುಸ್ತಕದ ಪ್ರಕಾರ ಅರವತ್ತು ದಾಟಿದ ಪಾತ್ರಕ್ಕೆ ವಯಸ್ಸಿನ ದಾಳ ಹಾಕಬೇಕು, ಪುಟ ನೂರ ಹನ್ನೆರಡು. ಮೂರಕ್ಕಿಂತ ಕಡಿಮೆ ಬಿದ್ದರೆ ಪಾತ್ರ ತೀರಿಹೋಯಿತು. ಎರಡು ಬಿತ್ತು.

"ಯಾರು ಹಾಕಿದ್ದು ದಾಳ?"

"ನಾನೇ. ಮತ್ತ್ಯಾರು ಹಾಕ್ತಾರೆ?"

ತಂಗಿ ಬಗ್ಗಿ ಹೊಸ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಅದನ್ನು ಕೀಲಿ ಸಮಾಧಾನವೆಂದು ತಿಳಿದ. ಅಜ್ಜಿಗೆ ಒಳ್ಳೆಯ ಸಾವು ಕೊಟ್ಟೆವು, ಸುಮ್ಮನೆ ಬಿಡಲಿಲ್ಲ ಎಂದು ವರ್ಣಿಸತೊಡಗಿದ. ಹೊಳೆಯ ದಂಡೆಯಲ್ಲಿ, ಮರದ ಬುಡಕ್ಕೆ ಒರಗಿ, ನಿದ್ದೆ ಬಂದ ಹಾಗೆ. ಊರೂರಿನಿಂದ ಜನ ಬಂದರಂತೆ, ಮುಳ್ಳು ತೆಗೆಸಿಕೊಂಡ ದೈತ್ಯ ಕೂಡ ಬಂದು ಹೆಗಲು ಕೊಟ್ಟನಂತೆ. ಎರಡು ತಾಸು ಅದೇ ಆಟ. ಮೇಷ್ಟ್ರು ಚರಮಗೀತೆಯಂಥದ್ದೇನೋ ಬರೆದು ಓದಿದರಂತೆ. "ನಂಗೆ ನಿಜವಾಗ್ಲೂ ಅಳು ಬಂತು, ಗೊತ್ತಾ," ಎಂದ ಕೀಲಿ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ. ಕೊಂದವರೇ ಅತ್ತು, ಹೊತ್ತು, ಪದ್ಯ ಓದಿ ಮುಗಿಸಿದ್ದರು. ಅಜ್ಜಿಯಾಗಿ ಹನ್ನೊಂದು ವರ್ಷ ಬದುಕಿದವಳಿಗೆ ಅವಳ ಸಾವಿನ ಸುದ್ದಿ ಮೂರು ವಾರ ತಡವಾಗಿ, ಬಿಸ್ಕತ್ತಿನ ಜೊತೆ.

"ಹಳೇ ಶೀಟು ಕೊಡು," ಎಂದಳು.

ಅಣ್ಣ ಗೋಡೆ ಕಪಾಟಿನಿಂದ ಒಂದು ಫೈಲು ತೆಗೆದ. ಅಜ್ಜಿಯ ಹಾಳೆ ಅದರಲ್ಲಿ ತೂತು ಮಾಡಿಸಿಕೊಂಡು ದಾರ ಕಟ್ಟಿಸಿಕೊಂಡಿತ್ತು. ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ಟೇಪು ಹಚ್ಚಿಸಿಕೊಂಡು, ಅಂಚಿನ ಖಾಲಿ ಜಾಗದಲ್ಲೆಲ್ಲ ತಂಗಿಯ ಸಣ್ಣ ಅಕ್ಷರ ತುಂಬಿಕೊಂಡಿದ್ದ ಹಾಳೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಗೆರೆಯ ಮೇಲೆ "ಮುಕ್ತಾಯ" ಎಂದು ಬರೆದು, ಅಣ್ಣ ಚಿಕ್ಕ ಸಹಿ ಹಾಕಿ, ತಾರೀಖು ನಮೂದಿಸಿದ್ದ. ಆಫೀಸಿನಲ್ಲಿ ಮಾಡುವ ಹಾಗೆಯೇ.

ತಂಗಿ ತಾರೀಖನ್ನು ನೋಡಿದಳು. ಅಮ್ಮನ ಆಪರೇಷನ್ ಆದ ದಿನ ಅದು. ಅವಳು ಆಪರೇಷನ್ ಥಿಯೇಟರಿನ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೂರು ಸಲ ಅಣ್ಣನಿಗೆ ಫೋನು ಮಾಡಿದ್ದಳು. ಎತ್ತಿರಲಿಲ್ಲ. ಆಟದ ಹೊತ್ತಿನಲ್ಲಿ ಫೋನುಗಳನ್ನು ಬುಟ್ಟಿಗೆ ಹಾಕಿ ಒಳಗಿಡುವುದೂ ಅವನದೇ ಕಟ್ಟಳೆ. ಸಂಜೆ ಆರೂವರೆಗೆ ಅವನೇ ಮಾಡಿ, ಮುಗೀತಾ, ಅಮ್ಮ ಮಾತಾಡಿದರಾ ಎಂದು ಕೇಳಿದ್ದ. ಅವನ ದನಿ ಭಾರವಾಗಿತ್ತು. ಅಮ್ಮನಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಇವಳೇ ಅವನಿಗೆ ಸಮಾಧಾನ ಹೇಳಿದ್ದಳು.

ಆದರೂ ಅವಳು ಕೂತಳು. ಹನ್ನೊಂದು ವರ್ಷದ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ, ಮತ್ತು ಮನೆಗೆ ಹೋಗಿ ಅತ್ತಿಗೆಗೆ ಇಷ್ಟು ಬೇಗ ಯಾಕೆ ಬಂದೆ ಎಂಬುದಕ್ಕೆ ಏನೆಂದು ಹೇಳುವುದು. ಅಣ್ಣ ಎದ್ದು ಬಚಾವಾದೆ ಎಂಬಂತೆ ಎಲ್ಲರಿಗೂ ಇನ್ನೊಂದು ಸುತ್ತು ಟೀ ತಂದ. ಆಟ ಶುರುವಾಯಿತು. ಇಳಿಹೊತ್ತು, ಕೋಟೆಯೂರು, ಬಾಗಿಲು ಮುಚ್ಚಿದೆ. ಮೇಲಿನಿಂದ ಕಾವಲಿನವನು, ಯಾರು ನೀವು, ಎಲ್ಲಿಂದ ಬಂದಿರಿ ಎಂದು ಕೂಗುತ್ತಿದ್ದಾನೆ.

ಮೇಷ್ಟ್ರು ಮಂತ್ರ ಹುಡುಕಿದರು. ಕಪ್ಪು ಪುಸ್ತಕದಲ್ಲಿ ಅದಿನ್ನೂ ಅವರಿಗೆ ಸಿಕ್ಕಿರಲಿಲ್ಲ. ಕೀಲಿ ಬಾಗಿಲು ಒಡೆಯುತ್ತೇನೆ ಎಂದ. ಒಡೆಯುವ ನಿಯಮ ಓದಲು ಕಾಲು ಗಂಟೆ ಹಿಡಿಯಿತು, ಕೊನೆಗೆ ಬಾಗಿಲು ಒಡೆಯಲಿಲ್ಲ. ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಇಬ್ಬರೂ ಎಳೆದಾಡಿ ಸುಸ್ತಾದ ಮೇಲೆ ಕೀಲಿ ಕಿಟಕಿಯ ಕಡೆ ತಿರುಗಿದ.

"ಅಜ್ಜಿ, ನೀನೇ ಮಾತಾಡು ಮಾರಾಯ್ತಿ," ಎಂದ. ಎಂದವನು ನಾಲಿಗೆ ಕಚ್ಚಿಕೊಂಡ. ಮತ್ತೆ ಏನೆಂದು ಕರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ತಂಗಿಗೆ ತಂದೆತಾಯಿ ಇಟ್ಟ ಹೆಸರನ್ನು ಅವನು ಎಂದೂ ಬಳಸಿರಲೇ ಇಲ್ಲ.

ಅಣ್ಣ ನಡುವೆ ಬಂದು, ಬಿಲ್ಲುಗಾತಿ ಏನು ಮಾಡುತ್ತಾಳೆ ಹೇಳು ಎಂದು ಕೇಳಿದ.

"ನಂಗೇನು ಗೊತ್ತು? ಅವಳನ್ನ ಬರೆದೋನು ನೀನು. ನೀನೇ ಹೇಳು."

"ಇದು ಆಟ ಕಣೇ."

"ಆಟ ಅಂತ ನಂಗೂ ಗೊತ್ತು. ಆಟ ಅಂತಾನೇ ಅಲ್ವಾ ಅಮ್ಮ ಒಳಗೆ ಮಲಗಿರೋವಾಗ ನೀನು ಫೋನ್ ಬುಟ್ಟೀಲಿ ಹಾಕಿ ಕೂತಿದ್ದು."

ಮೇಷ್ಟ್ರು ಎರಡೂ ಕೈ ಎತ್ತಿದರು. ಇಬ್ಬರದೂ ಸರಿ, ಒಂದು ಲೆಕ್ಕದಲ್ಲಿ ನೋಡಿದರೆ ಹಾಗೆ, ಇನ್ನೊಂದು ಲೆಕ್ಕದಲ್ಲಿ ಹೀಗೆ, ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ಎಂದೂ ಎತ್ತಿದ ಕೈ. ದಾಟಿಸುವ ಕಟ್ಟಳೆಯನ್ನು ಕೆಂಪು ಪುಸ್ತಕದ ರಟ್ಟಿನ ಒಳಗೆ ಬರೆದದ್ದು ಅವರದೇ ಅಕ್ಷರದಲ್ಲಿ. ಅಣ್ಣ ದಾಳ ಎತ್ತಿಕೊಂಡಾಗ ಒಂದು ಕೆಮ್ಮು ಕೆಮ್ಮಿದ್ದರೂ ಸಾಕಿತ್ತು ಎಂದು ತಂಗಿಗೆ ಅನಿಸಿತು.

"ಮೇಷ್ಟ್ರೇ, ನೀವಿದ್ರಿ. ಕೀಲಿ, ನೀನೂ ಇದ್ದೆ. ಒಬ್ರಾದ್ರೂ, ತಡಿಯಪ್ಪ, ಅವಳು ಬರ್ಲಿ ಅಂದ್ರಾ?"

ಅಂದಿರಲಿಲ್ಲ. ಕೀಲಿ ತಲೆ ತಗ್ಗಿಸಿದ. ಎರಡು ಬೀಳುತ್ತದೆ ಎಂದು ಯಾರಿಗೆ ಗೊತ್ತಿತ್ತು, ಇಪ್ಪತ್ತರಲ್ಲಿ ಎರಡೇ ಎರಡು ಕೆಟ್ಟ ಸಂಖ್ಯೆ ಎಂದು ಗೊಣಗಿದ.

ತಂಗಿ ಅವನ ಮಾತಿಗೆ ಕಿವಿಗೊಡಲಿಲ್ಲ, ಅಣ್ಣನನ್ನೇ ನೋಡುತ್ತಿದ್ದಳು. "ಡಾಕ್ಟರು ಕೇಳ್ದಾಗ ನೀನೇನಂದೆ, ನೆನಪಿದ್ಯಾ? ಎಂಬತ್ತೊಂದಾಯ್ತಲ್ಲ, ಇನ್ಯಾಕೆ ಕೊಯ್ಯೋದು, ಇದ್ದಷ್ಟು ದಿನ ಮಲಗಿರ್ಲಿ ಅಂದೆ. ನಾನು ಆಗಲ್ಲ ಅಂದೆ. ಅಮ್ಮ ಇವತ್ತು ಬೆಳಿಗ್ಗೆ ವಾಕರ್ ಹಿಡ್ಕೊಂಡು ಅಡುಗೆಮನೆ ತನಕ ಬಂದ್ರು. ಅಲ್ಲಿ ನಾನಿದ್ದೆ, ಅದಕ್ಕೆ ಬಂದ್ರು. ಇಲ್ಲಿ ನಾನಿರ್ಲಿಲ್ಲ."

ಅಣ್ಣನ ಮುಖ ಕಪ್ಪಿಟ್ಟಿತು. ಅಮ್ಮನನ್ನು ಇದಕ್ಕೆ ಯಾಕೆ ತರುತ್ತೀಯ, ಅದು ಬೇರೆ, ಇದು ಬೇರೆ, ಕಾಗದದ ಮೇಲಿನ ಮುದುಕಿಗೂ ಹೆತ್ತ ತಾಯಿಗೂ ವ್ಯತ್ಯಾಸ ಗೊತ್ತಿಲ್ಲವೇ ಎಂದು ದನಿ ಏರಿಸಿದ. ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದದ್ದೂ ಅದಕ್ಕೇ: ವ್ಯತ್ಯಾಸ ಇರಬೇಕಾದ ಕಡೆ ಇವನಿಗೆ ಕಾಣಿಸಿರಲಿಲ್ಲ. ಎರಡು ಕಡೆಯೂ ಹುಟ್ಟಿದ ವರ್ಷ ಲೆಕ್ಕ ಹಾಕಿ ಕೈತೊಳೆದುಕೊಳ್ಳಲು ಹೊರಟಿದ್ದ.

ಕೆಳಗಿನ ಮನೆಯವರ ಮಿಕ್ಸಿ ತಿರುಗಿ ನಿಂತಿತು. ಅಣ್ಣ ಕೆಟ್ಟವನೇನಲ್ಲ, ಅದನ್ನೂ ಹೇಳಬೇಕು. ತಂಗಿ ಸ್ಕೂಲಿಗೆ ಹೋಗುವಾಗ ಅವಳ ಚೀಲ ಹೊರುತ್ತಿದ್ದವನು ಅವನೇ, ಗಂಡ ಊರಲ್ಲಿಲ್ಲದಾಗ ಅವಳನ್ನು ಹೆರಿಗೆಗೆ ಕರೆದೊಯ್ದವನೂ ಅವನೇ. ಈಗ ಟೀ ಲೋಟವನ್ನು ಅತ್ತಿತ್ತ ಸರಿಸಿ, ಕೊನೆಗೆ ಒಂದು ದಾರಿ ಕಂಡುಹಿಡಿದವನಂತೆ ದನಿ ತಗ್ಗಿಸಿದ.

"ಸರಿ. ಆವತ್ತು ದಾಳ ಮೇಜಿಂದ ಜಾರಿ ನೆಲಕ್ಕೆ ಬಿತ್ತು ಅಂತ ಇಟ್ಕೊಳ್ಳೋಣ. ನೆಲಕ್ಕೆ ಬಿದ್ದ ದಾಳ ಲೆಕ್ಕಕ್ಕಿಲ್ಲ. ನೀನೇ ಇನ್ನೊಂದ್ಸಲ ಹಾಕು."

ಕೀಲಿ ಹೌದು ಹೌದು ಎಂದು ತಲೆಯಾಡಿಸಿದ. ಮೇಷ್ಟ್ರ ಮುಖವೂ ಅರಳಿತು. ಅವರು ತಮ್ಮ ಚೀಲದಿಂದ ದಾಳ ತೆಗೆದು ಅವಳ ಮುಂದೆ ಇಡಲು ಹೋದರು.

"ನೆಲಕ್ಕೆ ಬಿದ್ದಿತ್ತಾ?" ಎಂದು ತಂಗಿ ಕೇಳಿದಳು.

"ಬಿದ್ದಿರ್ಲಿಲ್ಲ. ಆದ್ರೆ ಏನೀಗ, ಅಜ್ಜಿ ವಾಪಸ್ ಬರ್ತಾಳಲ್ಲ."

"ಹಾಗಾದ್ರೆ ಬೇಡ."

"ಬೇಡ್ವಾ? ಮತ್ತೆ ಏನ್ ಬೇಕು ನಿಂಗೆ?"

ತಂಗಿ ಎದ್ದು ನಿಂತಳು. ಅಜ್ಜಿಯ ಹಾಳೆಯನ್ನು ಫೈಲಿನ ದಾರದಿಂದ ಬಿಡಿಸಿ, ಹಳೆಯ ಮಡಿಕೆಗಳಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"'ನಾನು ಮಾಡಿದ್ದು ತಪ್ಪು' ಅಂತ ನೀನು ಅನ್ನು. ಅಷ್ಟೇ ಸಾಕು. ಅಜ್ಜಿ ಸತ್ತೇ ಇರ್ಲಿ."

ಅಣ್ಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು. ಎರಡಕ್ಷರದ ಮಾತು ಅವನಿಗೆ ನುಂಗಲಾರದ ತುತ್ತಾಗಿತ್ತು, ಉಗುಳಲೂ ಆಗುತ್ತಿರಲಿಲ್ಲ. ಕೊನೆಗೆ ಕಪ್ಪು ಪುಸ್ತಕವನ್ನು ಹತ್ತಿರ ಎಳೆದುಕೊಂಡ.

"ತಡಿ. ಗೈರುಹಾಜರಾದವರ ಬಗ್ಗೆ ಇದ್ರಲ್ಲಿ ಎಲ್ಲೋ ಇದೆ. ಆಟ ನಡೆಸೋನು ಅವರ ಪರವಾಗಿ ಹಾಕ್ಬಹುದು ಅಂತ ಓದಿದ ನೆನಪು," ಎಂದು ಹೇಳಿ, ಕೊನೆಯ ಪುಟಗಳಲ್ಲಿದ್ದ ಅಕಾರಾದಿ ಪಟ್ಟಿಯನ್ನು ತೆರೆದು, ಬೆರಳಿಟ್ಟು ಒಂದೊಂದೇ ಸಾಲು ಕೆಳಗಿಳಿಸತೊಡಗಿದ.

ತಂಗಿ ಕಾದಳು. ಕೀಲಿಯೂ ಮೇಷ್ಟ್ರೂ ಆ ಬೆರಳನ್ನೇ ನೋಡುತ್ತಿದ್ದರು. ಅವಳು ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ, ಬಾಗಿಲ ಬಳಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು, ಒಂದು ಗಳಿಗೆ ತಿರುಗಿ ನಿಂತಳು. ಬೆರಳು ಪುಟದ ಕೆಳಕ್ಕೆ ಮುಟ್ಟಿತ್ತು. ಅಣ್ಣ ಪುಟ ಮಗುಚಿ, ಮತ್ತೆ ಮೇಲಿನಿಂದ ಶುರುಮಾಡಿದ.